ಕರಿಯ ತೆರೆಯೋ, ಬಿಳಿಯ ತೆರೆಯೋ?

ಕನ್ನಡದ ‘ತೆರೆ’ ಎಂಬ ಮಾತು ಸ್ವಲ್ಪ ವಿಚಿತ್ರವಾದುದು. ಕಡಲಿನ ಅಲೆಗೂ ತೆರೆ ಎನ್ನುತ್ತೇವೆ, ನಾಟಕದ ಪರದೆಗೂ ತೆರೆ ಎನ್ನುತ್ತೇವೆ, ಮುಚ್ಚಿದ ಬಾಗಿಲನ್ನು ತೆಗೆಯುವುದೂ ತೆರೆಯುವುದೇ. ನೆರೆಯ ತಮಿಳಿನಲ್ಲಿಯೂ ‘ತಿರೈ’ ಎಂದರೆ ಅಲೆಯೂ ಹೌದು, ಪರದೆಯೂ ಹೌದು. ಮರೆಮಾಡುವ ವಸ್ತುವಿಗೂ ಮರೆಯನ್ನು ತೆಗೆಯುವ ಕೆಲಸಕ್ಕೂ ಒಂದೇ ಉಚ್ಚಾರಣೆ ಹೇಗೆ ಬಂದಿತೆಂಬುದನ್ನು ನಿಘಂಟುಕಾರರು ವಿಚಾರಿಸಿಕೊಳ್ಳಲಿ. ಇಂದು ನಾನು ಹೇಳಹೊರಟಿರುವುದು ಈ ಎರಡು ಕೆಲಸಗಳನ್ನೂ ತಾನೊಂದೇ ಮಾಡಬಲ್ಲ ಒಂದು ಬಟ್ಟೆಯ ಕಥೆಯನ್ನು.

ರಂಗಭೂಮಿಯ ಶಾಸ್ತ್ರ ಬಲ್ಲವರು ಅದನ್ನು ‘ಸ್ಕ್ರಿಮ್’ ಎಂದು ಕರೆಯುತ್ತಾರೆ. ಅಷ್ಟು ದೂರ ಹೋಗದವರು ‘ನೆಟ್ ಪರದೆ’ ಎನ್ನುತ್ತಾರೆ. ನಾನು ಜಾಲರಿ ತೆರೆ ಎನ್ನುತ್ತೇನೆ. ಅದು ಸಣ್ಣ ಸಣ್ಣ ಕಣ್ಣುಗಳುಳ್ಳ, ಬಲೆಯಂತೆ ಹೆಣೆದ ತೆಳುವಾದ ಬಟ್ಟೆ. ರಂಗದ ಉದ್ದಗಲಕ್ಕೂ ಅದನ್ನು ಇಳಿಬಿಟ್ಟು ಮುಂದಿನಿಂದ ಬೆಳಕು ಹರಿಸಿದರೆ ನೋಡುವವರಿಗೆ ಅದೊಂದು ಗೋಡೆ. ಮುಂದಿನ ದೀಪವನ್ನು ಆರಿಸಿ ಹಿಂದಿನ ದೀಪವನ್ನು ಹೊತ್ತಿಸಿದರೆ ಗೋಡೆ ಕರಗಿಹೋಗಿ ಅದರ ಹಿಂದೆ ನಿಂತವರು ಕಾಣಿಸಿಕೊಳ್ಳುತ್ತಾರೆ. ಬಟ್ಟೆ ಕದಲುವುದಿಲ್ಲ, ಯಾರೂ ಹಗ್ಗ ಎಳೆಯುವುದಿಲ್ಲ. ಇದರಲ್ಲಿ ಮಂತ್ರವೇನೂ ಇಲ್ಲ. ಹಗಲು ಹೊತ್ತು ಬೀದಿಯಲ್ಲಿ ನಿಂತು ಎದುರು ಮನೆಯ ಕಿಟಕಿಯ ತೆಳುಪರದೆಯನ್ನು ನೋಡಿ: ಒಳಗೇನೂ ಕಾಣದು. ಸಂಜೆ ಒಳಗೆ ದೀಪ ಹಚ್ಚಿದ ಮೇಲೆ ಅದೇ ಪರದೆಯ ಮೂಲಕ ಆ ಮನೆಯವರು ಉಣ್ಣುವುದೂ ಕಾಣುತ್ತದೆ, ಜಗಳವಾಡುವುದೂ ಕಾಣುತ್ತದೆ. ಎಳೆಗಳ ಮೇಲೆ ಬಿದ್ದ ಬೆಳಕು ಹೆಚ್ಚಾದರೆ ಕಣ್ಣು ಬಟ್ಟೆಯಲ್ಲಿಯೇ ನಿಲ್ಲುತ್ತದೆ. ಆಚೆಯ ಬೆಳಕು ಹೆಚ್ಚಾದರೆ ತೂತುಗಳ ಮೂಲಕ ಹಾದುಹೋಗುತ್ತದೆ.

ಈ ತೆರೆ ಬಿಳಿಯದಿರಬೇಕೋ ಕಪ್ಪಿರಬೇಕೋ ಎಂಬುದು ದರ್ಜಿಯ ಅಂಗಡಿಯಲ್ಲಿ ತೀರಬಹುದಾದ ವಿಚಾರವೆಂದು ನಿಮಗೆ ತೋರಬಹುದು. ನಿವೃತ್ತನಾದ ಮೇಲೆ ನಮ್ಮ ಊರಿನ ಒಂದು ಪ್ರೌಢಶಾಲೆಯ ನಾಟಕ ಸಮಿತಿಯಲ್ಲಿ ಕುಳಿತು ಎರಡು ಇಡೀ ಸಂಜೆಗಳನ್ನು ಇದೇ ಚರ್ಚೆಯಲ್ಲಿ ಕಳೆದಿದ್ದೇನೆ. ಶಾಲೆಗೆ ಹೊಸದಾಗಿ ಒಂದು ರಂಗಮಂಟಪವಾಗಿತ್ತು. ಊರಿನ ಜವಳಿ ವರ್ತಕರೊಬ್ಬರು ಒಂದು ತೆರೆಗೆ ಸಾಲುವಷ್ಟು ಹಣವನ್ನು ಕೊಟ್ಟಿದ್ದರು. ಎರಡಕ್ಕೆ ಸಾಲುವಷ್ಟು ಅಲ್ಲ. ಆಡಬೇಕಾಗಿದ್ದ ನಾಟಕ ರನ್ನನ ಗದಾಯುದ್ಧದಿಂದ ಕನ್ನಡ ಪಂಡಿತರು ಮಕ್ಕಳಿಗೆಂದು ಸಂಗ್ರಹಿಸಿಕೊಂಡದ್ದು. ಅದರಲ್ಲಿ ಎರಡು ದೃಶ್ಯಗಳು ತೆರೆಯನ್ನು ಬೇಡುತ್ತಿದ್ದವು. ಮೊದಲನೆಯದು, ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ನಡೆಯುತ್ತ ಸತ್ತ ತನ್ನವರನ್ನು ಒಬ್ಬೊಬ್ಬರನ್ನಾಗಿ ಕಾಣುವುದು. ಎರಡನೆಯದು, ವೈಶಂಪಾಯನ ಸರೋವರದಲ್ಲಿ ಅವನು ಅಡಗಿರುವುದು. ಸರೋವರಕ್ಕೆ ಬಿಳಿಯ ತೆರೆಯೇ ಆಗಬೇಕೆಂದು ಚಿತ್ರಕಲೆಯ ಮೇಷ್ಟರು ಹಠ ಹಿಡಿದರು. ಬಿಳಿಯ ಮೇಲೆ ನೀಲಿ ದೀಪ ಬಿಟ್ಟರೆ ನೀರು, ಕೆಂಪು ಬಿಟ್ಟರೆ ಸಂಜೆ; ಬೇಕಾದರೆ ಬಣ್ಣವನ್ನೇ ಬಳಿಯಬಹುದು; ಬಿಳಿಯನ್ನು ಕಪ್ಪು ಮಾಡಬಹುದೇ ಹೊರತು ಕಪ್ಪನ್ನು ಬಿಳಿ ಮಾಡಲಾಗದು. ಅವರ ಮಾತೆಲ್ಲವೂ ನಿಜವೇ. ವರ್ತಕರೂ ಬಿಳಿಯ ಪಕ್ಷವೇ, ಆದರೆ ಕಾರಣ ಬೇರೆ. “ವಿದ್ಯಾಮಂದಿರದಲ್ಲಿ ಕರೀ ಬಟ್ಟೆ ಕಟ್ಟೋದು ಅಶುಭ ಅಲ್ವೇ ಸಾರ್?” ಎಂದು ನನ್ನನ್ನೇ ಕೇಳಿದರು.

ಅವರಿಗೆ ನಾನು ಭರತನ ಹೆಸರು ಹೇಳಿದೆ. ನಾಟ್ಯಶಾಸ್ತ್ರದಲ್ಲಿ ರಸಗಳಿಗೆ ಬಣ್ಣಗಳನ್ನು ವಿಧಿಸಿದೆ. ಭಯಾನಕಕ್ಕೆ ಕಪ್ಪು ಎಂದಿರುವುದು ನಿಜ, ಅದರ ಅಧಿದೇವತೆ ಕಾಲ. ಬಿಳಿಯ ಬಣ್ಣ ಸಿಕ್ಕಿರುವುದು ಹಾಸ್ಯಕ್ಕೆ. ಶೃಂಗಾರವೋ ಶ್ಯಾಮವರ್ಣದ್ದು, ಅದರ ದೇವತೆ ವಿಷ್ಣು. ಆದುದರಿಂದ ಶುಭಾಶುಭಗಳ ಲೆಕ್ಕವನ್ನು ಹಿಡಿದು ಹೊರಟರೆ ನಾವು ಎಲ್ಲಿಯೂ ಮುಟ್ಟುವುದಿಲ್ಲವೆಂದೆ. ಅವರು ನಕ್ಕರು, ಒಪ್ಪಿದರೆಂದು ಹೇಳಲಾರೆ.

ನಮ್ಮ ಹಿಂದಿನವರು ರಂಗದ ತೆರೆಯನ್ನು ಬಲ್ಲವರೇ. ನಾಟ್ಯಶಾಸ್ತ್ರ ಪೂರ್ವರಂಗದ ಕೆಲವು ವಿಧಿಗಳನ್ನು ಯವನಿಕೆಯ ಒಳಗೆ, ಉಳಿದವನ್ನು ಅದನ್ನು ಸರಿಸಿದ ಮೇಲೆ ಮಾಡಬೇಕೆನ್ನುತ್ತದೆ. ಸಂಸ್ಕೃತ ನಾಟಕಗಳಲ್ಲಿ ಪಾತ್ರವೊಂದು ತರಾತುರಿಯಲ್ಲಿ ಬರುವಾಗ ‘ಅಪಟೀಕ್ಷೇಪ’ ಎಂಬ ಸೂಚನೆ ಇರುತ್ತದೆ. ಯವನಿಕೆ ಎಂಬ ಹೆಸರನ್ನು ಕಂಡು ಇದು ಯವನರಿಂದ, ಎಂದರೆ ಗ್ರೀಕರಿಂದ ಬಂದದ್ದೆಂದು ಪಾಶ್ಚಾತ್ಯ ವಿದ್ವಾಂಸರು ಕೆಲವರು ಒಮ್ಮೆ ವಾದಿಸಿದರು. ಶಬ್ದ ಜವನಿಕೆಯೆಂದೂ ಉಂಟು, ಯಮನಿಕೆಯೆಂದೂ ಉಂಟು, ಒಂದಕ್ಕೆ ವೇಗ, ಇನ್ನೊಂದಕ್ಕೆ ತಡೆ ಎಂಬ ಮೂಲವನ್ನು ಹೇಳಬಹುದೆಂದು ಉಳಿದವರು ಉತ್ತರ ಕೊಟ್ಟರು. ನಮ್ಮ ಹಳಗನ್ನಡ ಕವಿಗಳು ಬಳಸಿದ್ದು ಜವನಿಕೆಯನ್ನು. ಆದರೆ ಈ ತೆರೆಗಳೆಲ್ಲ ಮರೆಮಾಡುವ ತೆರೆಗಳು. ಯಕ್ಷಗಾನದಲ್ಲಿ ಇಬ್ಬರು ಹಿಡಿದು ನಿಲ್ಲುವ ತೆರೆಯೂ, ಕೂಡಿಯಾಟ್ಟಂ ಕಥಕಳಿಗಳ ತಿರಶ್ಶೀಲೆಯೂ ಇದೇ ಜಾತಿಯವು. ಬಣ್ಣದ ವೇಷ ತೆರೆಯ ಹಿಂದೆ ಕುಣಿಯುವಾಗ ಕಿರೀಟದ ತುದಿಯಷ್ಟೇ ಕಾಣುತ್ತದೆ, ಒಮ್ಮೆ ಬೆರಳು, ಒಮ್ಮೆ ಕಾಲು. ಬಹಳ ಹೊತ್ತಿನ ಮೇಲೆ ಮುಖ. ಅಲ್ಲಿ ಬಟ್ಟೆ ದಪ್ಪವಾಗಿದ್ದಷ್ಟೂ ಒಳ್ಳೆಯದು.

ನೋಟವನ್ನು ಹಾಯಗೊಡುವ ತೆರೆಯ ಪೂರ್ವಿಕರನ್ನು ಹುಡುಕುವವರು ಬೇರೆಡೆಗೆ ಹೋಗಬೇಕು. ಚೀನದ ಹಾನ್ ವಂಶದ ಇತಿಹಾಸಗ್ರಂಥದಲ್ಲಿ ಒಂದು ಪ್ರಸಂಗವಿದೆ. ಕ್ರಿ.ಪೂ. 141ರಿಂದ 87ರವರೆಗೆ ಆಳಿದ ವು ಚಕ್ರವರ್ತಿ ತನ್ನ ಪ್ರೀತಿಯ ಲೀ ಎಂಬ ರಾಣಿಯನ್ನು ಕಳೆದುಕೊಂಡು ಪರಿತಪಿಸುತ್ತಿದ್ದಾಗ ಷಾವೊವೆಂಗ್ ಎಂಬ ಮಾಂತ್ರಿಕನೊಬ್ಬ ಅವಳನ್ನು ತೋರಿಸುತ್ತೇನೆಂದು ಬಂದನಂತೆ. ರಾತ್ರಿ ದೀಪಗಳನ್ನು ಹಚ್ಚಿ, ಪರದೆಗಳನ್ನು ಕಟ್ಟಿ, ಚಕ್ರವರ್ತಿಯನ್ನು ದೂರದಲ್ಲಿ ಇನ್ನೊಂದು ಪರದೆಯ ಹಿಂದೆ ಕೂರಿಸಿದನು. ಆಚೆ ಅವಳಂತೆಯೇ ಇದ್ದ ಹೆಂಗಸೊಬ್ಬಳು ಕುಳಿತದ್ದೂ ನಡೆದದ್ದೂ ಕಾಣಿಸಿತು, ಹತ್ತಿರ ಹೋಗುವಂತಿರಲಿಲ್ಲ. ದೊರೆಯ ದುಃಖ ಇಮ್ಮಡಿಯಾಯಿತೆಂದು ಗ್ರಂಥ ಹೇಳುತ್ತದೆ. ಚೀನದ ತೊಗಲುಗೊಂಬೆಯಾಟ ಹುಟ್ಟಿದ್ದು ಇದರಿಂದಲೇ ಎಂದು ಅಲ್ಲಿನವರು ಬಹುಕಾಲ ನಂಬಿದ್ದರು. ಇತಿಹಾಸಕಾರರು ಒಪ್ಪಲಿ ಬಿಡಲಿ, ಕಥೆಯ ತಿರುಳು ನನಗೆ ಮುಖ್ಯವೆನಿಸುತ್ತದೆ: ಹಾಯ್ದು ಕಾಣುವ ಬಟ್ಟೆಯಿಂದ ಜನ ಮೊದಲು ಕೇಳಿದ್ದು ಸತ್ತವರನ್ನು.

ನಮ್ಮಲ್ಲಿಯೂ ಇದೇ ಕೇಳಿಕೆ ಉಂಟು. ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ಗಾಂಧಾರಿ ಧೃತರಾಷ್ಟ್ರರಿಗಾಗಿ ವ್ಯಾಸರು ಕುರುಕ್ಷೇತ್ರದಲ್ಲಿ ಮಡಿದವರನ್ನೆಲ್ಲ ಒಂದು ರಾತ್ರಿಯ ಮಟ್ಟಿಗೆ ಗಂಗೆಯ ನೀರಿನಿಂದ ಎಬ್ಬಿಸಿ ತರುತ್ತಾರೆ. ಅಲ್ಲಿ ಅವರು ಎದ್ದು ಬಂದದ್ದು ತೆರೆಯ ಒಳಗಿನಿಂದಲೇ, ಕನ್ನಡದ ಇನ್ನೊಂದು ಅರ್ಥದ ತೆರೆಯಿಂದ.

ಬಿಳಿಯ ತೆರೆಯ ದೊಡ್ಡ ವಂಶ ತೊಗಲುಗೊಂಬೆಯದು. ನಮ್ಮ ಕಿಳ್ಳೇಕ್ಯಾತರು ಕಟ್ಟುವುದು ಬಿಳಿಯ ಬಟ್ಟೆಯನ್ನು, ಹಿಂದೆ ಎಣ್ಣೆಯ ದೀಪ, ಈಚೆಗೆ ವಿದ್ಯುದ್ದೀಪ. ಹದಮಾಡಿದ ತೊಗಲು ಬೆಳಕನ್ನು ಹಾಯಿಸುವುದರಿಂದ ರಾಮನ ಹಸುರೂ ರಾವಣನ ಕೆಂಪೂ ಬಟ್ಟೆಯ ಮೇಲೆ ಬಣ್ಣವಾಗಿಯೇ ಮೂಡುತ್ತವೆ. ನೆರಳು ಎಂದರೆ ಬರಿಯ ಕಪ್ಪು ಎಂದು ತಿಳಿದವರು ಒಮ್ಮೆ ಇದನ್ನು ನೋಡಬೇಕು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಯ ಹೆಸರು ಪತ್ರಿಕೆಗಳ ಮೊದಲ ಪುಟಕ್ಕೆ ಬಂತು. ಆಗ ಅವರಿಗೆ ತೊಂಬತ್ತು ದಾಟಿ ಎಷ್ಟೋ ವರ್ಷಗಳಾಗಿದ್ದವು. ನಮ್ಮ ಪ್ರಶಸ್ತಿಗಳ ನಡಿಗೆಯೇ ಅಂಥದು.

ಯೂರೋಪಿನಲ್ಲಿ ಬಟ್ಟೆಯನ್ನು ಎರಡೂ ಕಡೆಯಿಂದ ಬೆಳಗಿಸುವ ವಿದ್ಯೆಯನ್ನು ಬೆಳೆಸಿದವರು ಚಿತ್ರಕಾರರು. ಸ್ಟ್ರಾಸ್‌ಬುರ್ಗಿನಲ್ಲಿ ಹುಟ್ಟಿದ ಲೂಥರ್‌ಬುರ್ಗ್ ಎಂಬಾತ 1771ರಲ್ಲಿ ಲಂಡನ್ನಿಗೆ ಬಂದು ಮಹಾನಟ ಗ್ಯಾರಿಕ್‌ನ ಡ್ರೂರಿ ಲೇನ್ ರಂಗಮಂದಿರದಲ್ಲಿ ತೆಳುಬಟ್ಟೆಗಳನ್ನೂ ಬಣ್ಣದ ರೇಷ್ಮೆಯ ಮೂಲಕ ಸೋಸಿದ ಬೆಳಕನ್ನೂ ಬಳಸಿ ಮಂಜು, ಬೆಳದಿಂಗಳು, ಬೆಂಕಿಗಳನ್ನು ತೋರಿಸಿದನು. 1781ರಲ್ಲಿ ನಟರೇ ಇಲ್ಲದ ಪುಟ್ಟ ರಂಗವೊಂದನ್ನು ಮಾಡಿ ಬರಿಯ ಬೆಳಕು ಶಬ್ದಗಳಿಂದ ಬಿರುಗಾಳಿಯನ್ನೂ ಸೂರ್ಯೋದಯವನ್ನೂ ಆಡಿಸಿದನು. ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋದವನು ದಾಗೇರ್. ಛಾಯಾಚಿತ್ರದ ಪ್ರವರ್ತಕರಲ್ಲಿ ಒಬ್ಬನೆಂದು ಅವನನ್ನು ನಾವು ಬಲ್ಲೆವು. ಅದಕ್ಕೆ ಮೊದಲು ಅವನು ರಂಗದ ಪರದೆಗಳನ್ನು ಬರೆಯುವವನಾಗಿದ್ದನು. 1822ರಲ್ಲಿ ಪ್ಯಾರಿಸ್ಸಿನಲ್ಲಿ ಡಯೊರಾಮ ಎಂಬ ಪ್ರದರ್ಶನಮಂದಿರವನ್ನು ತೆರೆದನು. ದೊಡ್ಡ ನಾರುಬಟ್ಟೆಯ ಮೇಲೆ ಚಿತ್ರ; ಮುಂದಿನ ಬೆಳಕಿಗೆ ಒಂದು ನೋಟ, ಹಿಂದಿನ ಬೆಳಕಿಗೆ ಇನ್ನೊಂದು. 1834ರ ‘ಮಧ್ಯರಾತ್ರಿಯ ಪೂಜೆ’ ಎಂಬ ಚಿತ್ರದಲ್ಲಿ ಹಗಲಿನಲ್ಲಿ ಖಾಲಿಯಾಗಿದ್ದ ಇಗರ್ಜಿ ಕತ್ತಲಾದಂತೆ ದೀಪಗಳಿಂದ ತುಂಬಿ, ಪೀಠಗಳ ಮೇಲೆಲ್ಲ ಜನ ಕುಳಿತಿರುವುದು ಕಾಣಿಸುತ್ತಿತ್ತು. ಬಟ್ಟೆಯ ಹಿಂಬದಿಯಲ್ಲಿ ಬರೆದಿದ್ದ ಜನ ಅವರು. 1839ರ ಮಾರ್ಚಿಯಲ್ಲಿ ಆ ಮಂದಿರ ಸುಟ್ಟುಹೋಯಿತು. ಅದೇ ವರ್ಷ ಛಾಯಾಚಿತ್ರದ ರಹಸ್ಯ ಲೋಕಕ್ಕೆ ಪ್ರಕಟವಾಯಿತು. ಬಿಳಿಯ ತೆರೆಯ ಮುಂದಿನ ದಾರಿ ನೇರವಾಗಿ ಸಿನೆಮಾದ ಕಡೆಗೆ.

ಜಾಲರಿಯ ಹೆಣಿಗೆಗೂ ಒಂದು ಚರಿತ್ರೆಯಿದೆ, ಅದು ಅಷ್ಟು ಸುಖದ್ದಲ್ಲ. ಷಟ್ಕೋನದ ಕಣ್ಣುಗಳ ಬಲೆಯನ್ನು ಇಂಗ್ಲೆಂಡಿನ ಹೆಂಗಸರು ದಿಂಬಿನ ಮೇಲೆ ಕೈಯಿಂದಲೇ ಹೆಣೆಯುತ್ತಿದ್ದರು. ಜಾನ್ ಹೀತ್‌ಕೋಟ್ ಎಂಬಾತ 1809ರಲ್ಲಿ ಇದಕ್ಕೆ ಯಂತ್ರದ ಹಕ್ಕುಪತ್ರ ಪಡೆದನು. 1816ರಲ್ಲಿ ಲಫ್‌ಬರೋದಲ್ಲಿದ್ದ ಅವನ ಕಾರ್ಖಾನೆಗೆ ಕೂಲಿ ಕಡಿತದಿಂದ ರೋಸಿದ ಕೆಲಸಗಾರರ ಕಡೆಯವರು ನುಗ್ಗಿ 55 ಯಂತ್ರಗಳನ್ನು ಮುರಿದರು. ಅವನು ಊರನ್ನೇ ಬಿಟ್ಟು ದೂರದ ಟಿವರ್ಟನ್ನಿಗೆ ಹೋಗಿ ಮತ್ತೆ ಕಾರ್ಖಾನೆ ಕಟ್ಟಿದನು. ನಾವು ಸೊಳ್ಳೆಪರದೆಯೆಂದು ಕಟ್ಟಿಕೊಳ್ಳುವ ಬಲೆಯೂ ರಂಗದ ಜಾಲರಿಯೂ ಆ ಯಂತ್ರದ ಸಂತಾನಗಳೆನ್ನಬಹುದು. ಈಚಿನ ರಂಗಜಾಲರಿಗಳಲ್ಲಿ ಏಣಿಯ ಮೆಟ್ಟಿಲುಗಳಂತೆ ಆಯತಾಕಾರದ ಕಣ್ಣುಗಳಿರುವ ಇನ್ನೊಂದು ಜಾತಿಯೇ ಹೆಚ್ಚು ಬಳಕೆಯದು. ಅದನ್ನು ಮೂವತ್ತು ಅಡಿಗೂ ಮೀರಿದ ಅಗಲಕ್ಕೆ ಹೊಲಿಗೆಯಿಲ್ಲದೆ ನೇಯುತ್ತಾರೆ. ಈ ಹೊಲಿಗೆಯ ಮಾತು ಸಣ್ಣದಲ್ಲ. ಹಿಂದಿನಿಂದ ಬೆಳಕು ಬಿದ್ದ ಕೂಡಲೇ ಎಷ್ಟು ನಯವಾದ ಹೊಲಿಗೆಯಾದರೂ ಆಕಾಶದ ನಡುವೆ ಎಳೆದ ಗೆರೆಯಂತೆ ಕಾಣುತ್ತದೆ.

ಇನ್ನು ಕಪ್ಪಿನ ವಂಶ. ಅದು ಬಹಳ ಕಾಲ ಬಟ್ಟೆಯಾಗಿರದೆ ಕತ್ತಲೆಯಾಗಿಯೇ ಇತ್ತು. 1862ರ ಕ್ರಿಸ್ಮಸ್ ಮುನ್ನಿನ ದಿನ ಲಂಡನ್ನಿನಲ್ಲಿ ಪೆಪ್ಪರ್ ಎಂಬ ವಿಜ್ಞಾನ ಬೋಧಕ ಡಿಕನ್ಸ್‌ನ ಕಥೆಯೊಂದರ ದೃಶ್ಯದಲ್ಲಿ ಭೂತವನ್ನು ತೋರಿಸಿದನು. ರಂಗದ ಮುಂದೆ ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು. ಕೆಳಗಿನ ಹಳ್ಳದಲ್ಲಿ ನಟ, ಅವನ ಮೇಲೆ ಪ್ರಖರ ಬೆಳಕು. ನಟನ ಸುತ್ತಮುತ್ತ ಎಲ್ಲವೂ ಕಪ್ಪಾಗಿರಬೇಕಾಗಿತ್ತು, ಇಲ್ಲವಾದರೆ ಭೂತದೊಡನೆ ಹಳ್ಳದ ಗೋಡೆಯೂ ಕಾಣುತ್ತಿತ್ತು. ಮಾಸ್ಕೋವಿನ ಸ್ತಾನಿಸ್ಲಾವ್‌ಸ್ಕಿ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿರುವ ಸಂಗತಿ ಇನ್ನೂ ಸ್ವಾರಸ್ಯವಾದುದು. ಏನೋ ಪ್ರಯೋಗಕ್ಕೆಂದು ತಂದಿಟ್ಟಿದ್ದ ಕಪ್ಪು ಮಖಮಲ್ಲಿನ ತುಂಡೊಂದು ಕಾಣೆಯಾಯಿತು. ಎಲ್ಲರೂ ಹುಡುಕಿದರು. ಅದು ಎಲ್ಲರ ಕಣ್ಣೆದುರಿನಲ್ಲಿಯೇ, ಇನ್ನೊಂದು ಕಪ್ಪು ಮಖಮಲ್ಲಿನ ಮುಂದೆ ತೂಗುತ್ತಿತ್ತು! ಅಂದ್ರೆಯೇವ್‌ನ ‘ಮನುಷ್ಯನ ಬಾಳು’ ನಾಟಕವನ್ನು 1907ರಲ್ಲಿ ಆಡಿಸುವಾಗ ಅವನು ರಂಗವನ್ನೆಲ್ಲ ಕಪ್ಪು ಮಖಮಲ್ಲಿನಿಂದ ಹೊದಿಸಿ, ಬಾಗಿಲು ಕಿಟಕಿಗಳ ಅಂಚನ್ನು ಹಗ್ಗದಿಂದ ಮಾತ್ರ ಸೂಚಿಸಿದನು. ಕಪ್ಪು ಅಲ್ಲಿ ಸಾವಿನ ಸಂಕೇತ ಮಾತ್ರವಾಗಿರಲಿಲ್ಲ. ಕಣ್ಣಿಗೆ ತಾನು ಇಲ್ಲವೆಂದು ತೋರಿಸಿಕೊಳ್ಳಬಲ್ಲ ಬಣ್ಣವಾಗಿತ್ತು.

ಹಾಯ್ದು ಕಾಣುವ ತೆರೆ ನಾಟಕಕಾರನ ಮಾತಿನೊಳಗೇ ಸೇರಿಕೊಂಡದ್ದು ಅಮೆರಿಕದಲ್ಲಿ. ಟೆನೆಸಿ ವಿಲಿಯಮ್ಸ್‌ನ ‘ಗಾಜಿನ ಗೊಂಬೆಗಳು’ ಎಂದು ಹೇಳಬಹುದಾದ ನಾಟಕ 1944ರ ಕೊನೆಯಲ್ಲಿ ಷಿಕಾಗೋದಲ್ಲಿ ಮೊದಲು ರಂಗಕ್ಕೆ ಬಂತು. ಅದರ ರಂಗಸಜ್ಜಿಕೆ ಜೋ ಮಿಲ್‌ಜಿನರ್‌ನದು. ಮನೆಯ ಹೊರಗೋಡೆ ಬೆಳಕು ಬದಲಾದಂತೆ ತಿಳಿಯಾಗಿ ಒಳಗಿನ ಕೋಣೆ ಕಾಣಿಸುತ್ತದೆ. ಏಕೆಂದರೆ ಇಡೀ ನಾಟಕ ಒಬ್ಬನ ನೆನಪು. ಬಿಟ್ಟುಬಂದ ತಾಯಿಯನ್ನೂ ಅಕ್ಕನನ್ನೂ ಅವನು ಆ ಗೋಡೆಯ ಮೂಲಕವೇ ನೋಡಬೇಕು. ಚೀನದ ಚಕ್ರವರ್ತಿಯ ಪರದೆಗೂ ಇದಕ್ಕೂ ಎರಡು ಸಾವಿರ ವರ್ಷಗಳ ಅಂತರ, ಕೆಲಸ ಮಾತ್ರ ಬದಲಾಗಿಲ್ಲ.

ನಮ್ಮ ಕಂಪನಿ ನಾಟಕಗಳವರು ಪರದೆಗಳ ರಾಜರು. ಅರಮನೆ, ಅರಣ್ಯ, ಬೀದಿ, ಉದ್ಯಾನ, ಸುರುಳಿ ಸುತ್ತಿಕೊಂಡ ಒಂದೊಂದು ಲೋಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಇಷ್ಟೆಲ್ಲ ಸಾಹಸ ಮಾಡಿದ ನಮ್ಮ ಕಂಪನಿಗಳ ಚಮತ್ಕಾರಗಳಲ್ಲಿ ಜಾಲರಿಗಿಂತ ಸುರುಳಿ ಪರದೆ, ತಂತಿ, ರಂಗದ ಹಲಗೆಯ ಬಾಗಿಲುಗಳೇ ಹೆಚ್ಚು ಕೇಳಿಬರುವುದೇಕೆ? ನನಗೆ ತೋರುವ ಒಂದು ಕಾರಣ ಬೆಳಕು. ಜಾಲರಿಯ ಆಟಕ್ಕೆ ಒಂದು ದೀಪ ನಿಧಾನವಾಗಿ ಕುಗ್ಗಿ ಇನ್ನೊಂದು ಹಿಗ್ಗಬೇಕು. ಲಂಡನ್ನಿನ ಸವಾಯ್ ರಂಗಮಂದಿರಕ್ಕೆ 1881ರಲ್ಲಿಯೇ ವಿದ್ಯುದ್ದೀಪ ಬಂದಿತ್ತು. ನಮ್ಮಲ್ಲಿ ಬೆಂಗಳೂರಿನ ಬೀದಿಗೇ ಅದು ಬಂದದ್ದು 1905ರಲ್ಲಿ. ಜಾತ್ರೆಯಿಂದ ಜಾತ್ರೆಗೆ ಹೋಗುವ ಕಂಪನಿಯ ಡೇರೆಗೆ ಇನ್ನೂ ಎಷ್ಟೋ ಕಾಲದ ಮೇಲೆ. ಗ್ಯಾಸ್ ಲೈಟನ್ನು ಪಂಪು ಹೊಡೆದು ಉರಿಸಬಹುದು, ನಟನ ಮಾತಿಗೆ ತಕ್ಕಂತೆ ಕುಗ್ಗಿಸುವುದು ಯಾರಿಂದಲೂ ಆಗದ ಕೆಲಸ.

ಶಾಲೆಯ ವಾದಕ್ಕೆ ಬರೋಣ. ಅಲ್ಲಿನ ವಿಜ್ಞಾನದ ಅಧ್ಯಾಪಕಿ, ಮಿತಭಾಷಿ, ಎರಡನೆಯ ಸಂಜೆ ವಿದ್ಯಾರ್ಥಿನಿಲಯದಿಂದ ಹಳೆಯ ಹತ್ತಿಯ ಸೊಳ್ಳೆಪರದೆಯೊಂದನ್ನು ತರಿಸಿ ಎರಡು ತುಂಡು ಮಾಡಿ ಒಂದಕ್ಕೆ ಕಪ್ಪು ಬಣ್ಣ ಹಾಕಿಸಿಕೊಂಡು ಬಂದಿದ್ದರು. ಎರಡನ್ನೂ ರಂಗದ ಮೇಲೆ ಅಕ್ಕಪಕ್ಕ ತೂಗುಹಾಕಿದರು. ಮೊದಲು ಮುಂದಿನ ದೀಪಗಳನ್ನು ಮಾತ್ರ ಹಚ್ಚಿದರು. ಬಿಳಿಯ ತುಂಡು ಹಾಲಿನ ಗೋಡೆಯಂತೆ ಬೆಳಗಿತು, ನೀಲಿ ದೀಪಕ್ಕೆ ತಕ್ಷಣ ನೀಲಿಯಾಯಿತು. ಕಪ್ಪಿನ ತುಂಡು ಮಂಕು ಬೂದಿಯ ಬಣ್ಣವಾಗಿ ನಿಂತಿತೇ ಹೊರತು ಏನನ್ನೂ ಹೇಳಲಿಲ್ಲ. ಚಿತ್ರಕಲೆಯ ಮೇಷ್ಟರು ನನ್ನ ಕಡೆ ನೋಡಿ ನಕ್ಕರು. ಆಮೇಲೆ ಅವರು ದುರ್ಯೋಧನನ ಪಾತ್ರದ ಹುಡುಗನನ್ನು ತೆರೆಗಳ ಮುಂದೆ ನಿಲ್ಲಿಸಿ ಅವನ ಮೇಲೊಂದು ದೀಪ ಬಿಟ್ಟರು. ಅಭಿಮನ್ಯುವಿನ ಪಾತ್ರದ, ಎಂಟನೆಯ ತರಗತಿಯ ಸಣ್ಣ ಹುಡುಗನನ್ನು ಹಿಂದೆ ನಿಲ್ಲಿಸಿ ಇನ್ನೊಂದು ದೀಪ ಬಿಟ್ಟರು. ಬಿಳಿಯ ಜಾಲರಿಯ ಹಿಂದೆ ಆ ಹುಡುಗ ಮಜ್ಜಿಗೆಯೊಳಗೆ ಮುಳುಗಿದವನಂತೆ ಕಂಡನು. ದುರ್ಯೋಧನನ ಮೇಲಿನ ಬೆಳಕು ಹಲಗೆಗೆ ತಾಗಿ ಪುಟಿದು ಬಿಳಿಯ ಎಳೆಗಳನ್ನೆಲ್ಲ ಬೆಳಗಿಸಿಬಿಟ್ಟಿತ್ತು. ಕಪ್ಪಿನ ಹಿಂದಕ್ಕೆ ಸರಿದಾಗ ಹುಡುಗನ ಹಣೆ, ಮೂಗಿನ ನೆರಳು, ಕಣ್ಣಿನ ರೆಪ್ಪೆ ಸಹ ತಿಳಿಯಾಗಿ ಕಂಡವು. ನಡುವೆ ಬಟ್ಟೆಯಿದೆಯೆಂಬುದನ್ನು ಕಣ್ಣು ಮರೆಯಿತು.

“ಸಾರ್, ಬಿಳೀದು ನೆರಳನ್ನ ಚೆನ್ನಾಗಿ ತೋರಿಸುತ್ತೆ. ಕರೀದು ಮನುಷ್ಯನ್ನ ತೋರಿಸುತ್ತೆ. ನಮ್ಮ ನಾಟಕಕ್ಕೆ ಯಾವುದು ಬೇಕು ಅಂತ ತಾವೇ ಹೇಳಬೇಕು” ಎಂದರು ಅವರು.

ಇದು ಅಂದಿನ ಮಟ್ಟಿಗೆ ಪದಾರ್ಥವಿಜ್ಞಾನದ ಪ್ರಶ್ನೆಯಾಗಿ ಉಳಿಯಲಿಲ್ಲ, ರನ್ನನ ಪ್ರಶ್ನೆಯಾಯಿತು. ಆ ರಣರಂಗದ ಭಾಗವನ್ನು ಮೂವತ್ತು ವರ್ಷ ತರಗತಿಗಳಲ್ಲಿ ಪಾಠ ಹೇಳಿದ್ದೇನೆ. ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ, ಇವರಿಗಾಗಿ ದುರ್ಯೋಧನ ಅಳುವುದು ಸಹಜ. ಆದರೆ ವೈರಿಯ ಮಗನಾದ ಅಭಿಮನ್ಯುವಿನ ಮುಂದೆಯೂ ಅವನು ನಿಂತು ಆ ಎಳೆಯನ ಶೌರ್ಯಕ್ಕೆ ಕೈಮುಗಿಯುತ್ತಾನಲ್ಲ, ಅಲ್ಲಿ ನಮ್ಮ ಕವಿ ಖಳನಾಯಕನನ್ನು ಮನುಷ್ಯನನ್ನಾಗಿ ಮಾಡಿದ್ದಾನೆ. ಆ ಕ್ಷಣದಲ್ಲಿ ಬದುಕಿರುವವನೂ ಸತ್ತವನೂ ಒಂದೇ ನೋಟದಲ್ಲಿ, ಒಂದೇ ಬೆಳಕಿನ ತೂಕದಲ್ಲಿ ಕಾಣಬೇಕು. ಸತ್ತವನು ತೆರೆಯ ಮೇಲಿನ ಚಿತ್ರವಾದರೆ ದುರ್ಯೋಧನ ಚಿತ್ರಕ್ಕೆ ಕೈಮುಗಿದಂತಾಯಿತು. ನೋಡುತ್ತಿರುವ ತಾಯಂದಿರಿಗೆ ಅಲ್ಲಿ ಹದಿಮೂರು ವರ್ಷದ ಹುಡುಗನ ಮುಖವೇ ಕಾಣಬೇಕೆಂದು ನಾನು ಹೇಳಿದೆ. ಕಪ್ಪು ತೆರೆಯನ್ನೇ ಕೊಳ್ಳೋಣವೆಂದೂ ಹೇಳಿದೆ.

ಚಿತ್ರಕಲೆಯ ಮೇಷ್ಟರ ಸರೋವರವನ್ನು ನಾವು ಬಿಟ್ಟುಕೊಡಲಿಲ್ಲ. ರಂಗದ ಹಿಂಗೋಡೆಗೆ ಒಗ್ಗಿದ ಸಾಧಾರಣ ಬಿಳಿಯ ಕಾಟನ್ ಬಟ್ಟೆಯೊಂದನ್ನು ಬಿಗಿಯಾಗಿ ಕಟ್ಟಿ ಅದಕ್ಕೆ ನೀಲಿ ಬೆಳಕು ಬಿಟ್ಟು, ಅದರ ಮುಂದೆ ಕಪ್ಪು ಜಾಲರಿಯನ್ನು ಇಳಿಬಿಟ್ಟೆವು. ದೊಡ್ಡ ರಂಗಮಂದಿರಗಳಲ್ಲಿ ಇದು ಹಳೆಯ ಪದ್ಧತಿಯೇ. ಮುಂದಿನ ಕರಿಯ ಜಾಲರಿ ಅಡ್ಡಾದಿಡ್ಡಿ ಬಂದ ಬೆಳಕನ್ನು ನುಂಗಿಕೊಳ್ಳುತ್ತದೆ. ಹಿಂದಿನ ನೀಲಿ ಆಳವಾಗುತ್ತದೆ, ಬಟ್ಟೆಯ ಸುಕ್ಕುಗಳು ಅಡಗುತ್ತವೆ. ಎರಡರ ನಡುವೆ ಕುಳಿತ ದುರ್ಯೋಧನ ನೀರಿನ ತಳದಲ್ಲಿ ಕುಳಿತಂತೆಯೇ ಕಂಡನು. ನೀರಿನಲ್ಲಿದ್ದೂ ಅವನು ಬೆವರಿದನೆಂದು ಕವಿ ಹೇಳಿದ್ದನ್ನು ತೋರಿಸುವ ದೀಪ ಇನ್ನೂ ಹುಟ್ಟಿಲ್ಲ. ಅದನ್ನು ಹುಡುಗನ ಗಂಟಲಿಗೆ ಬಿಟ್ಟೆವು. ಮೇಷ್ಟರಿಗೆ ಅರ್ಧ ಸಮಾಧಾನವಾಯಿತು. ಬಣ್ಣ ಬಳಿಯಲಾಗದ ಕೊರಗು ಅವರಿಗೆ ಉಳಿದಿದೆ. ಚಿತ್ರಗಳನ್ನು ಬೀರಿ ತೋರಿಸಬೇಕಾದ, ಹಾಡು ಕುಣಿತಗಳೇ ಹೆಚ್ಚಾದ ಶಾಲೆಗೆ ಅವರ ಬಿಳಿಯ ತೆರೆಯೇ ತಕ್ಕದ್ದೆಂದು ನಾನೂ ಹೇಳುತ್ತೇನೆ.

ಕಪ್ಪನ್ನು ಆರಿಸಿಕೊಂಡವರು ತಿಳಿದಿರಬೇಕಾದ ಒಂದೆರಡು ಸಂಗತಿಗಳುಂಟು. ಅದು ಗೋಡೆಯಂತೆ ನಿಲ್ಲಬೇಕಾದರೆ ದೀಪ ಸಭೆಯ ಕಡೆಯಿಂದ ನೇರವಾಗಿ ಬೀಳಬಾರದು. ಹಾಗೆ ಬಿದ್ದರೆ ಬೆಳಕು ತೂತುಗಳಿಂದ ಹಾಯ್ದು ಹಿಂದಿನವರನ್ನು ಬಯಲುಮಾಡುತ್ತದೆ. ಮೇಲಿನಿಂದಲೋ ಪಕ್ಕದಿಂದಲೋ ಬಟ್ಟೆಯ ಮೈಯನ್ನು ಸವರಿಕೊಂಡು ಇಳಿಯಬೇಕು. ಜಾಲರಿಯ ಬೆನ್ನಿಗೇ ಇನ್ನೊಂದು ದಪ್ಪ ಕಪ್ಪು ಪರದೆಯಿದ್ದು, ದೃಶ್ಯ ತೆರೆದುಕೊಳ್ಳುವ ಮುನ್ನ ಸದ್ದಿಲ್ಲದೆ ಸರಿದರೆ ಇನ್ನೂ ಒಳ್ಳೆಯದು. ಕೆಳಗಿನ ಅಂಚಿನಲ್ಲಿ ಭಾರ ಇರಲೇಬೇಕು. ಫ್ಯಾನಿನ ಗಾಳಿಗೆ ಗೋಡೆ ಅಲ್ಲಾಡಿದರೆ ಮಕ್ಕಳು ನಗುತ್ತಾರೆ.

ಬೆಂಕಿಯ ಮಾತು ಎರಡು ಬಣ್ಣಗಳಿಗೂ ಒಂದೇ. ಷಿಕಾಗೋದ ಇರಾಕ್ವಾಯ್ ರಂಗಮಂದಿರದಲ್ಲಿ 1903ರ ಡಿಸೆಂಬರ್ 30ರ ಮಧ್ಯಾಹ್ನ, ಮಕ್ಕಳೇ ಹೆಚ್ಚಾಗಿ ತುಂಬಿದ್ದ ಆಟದಲ್ಲಿ, ದೀಪದ ಕಿಡಿ ತೆಳುಬಟ್ಟೆಯ ಪರದೆಗೆ ತಾಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಅಷ್ಟು ದೂರ ಹೋಗುವುದೇಕೆ? ಹರಿಯ಼ಾಣದ ಡಬ್ವಾಲಿಯಲ್ಲಿ 1995ರ ಡಿಸೆಂಬರ್ 23ರಂದು ಶಾಲೆಯೊಂದರ ವಾರ್ಷಿಕೋತ್ಸವ ನಡೆಯುತ್ತಿದ್ದ ಕೃತಕನೂಲಿನ ಡೇರೆ ಹತ್ತಿಕೊಂಡು ನಾಲ್ಕುನೂರಕ್ಕೂ ಮೀರಿ ಜನ ಹೋದರು. ಅವರಲ್ಲಿ ಬಹುಮಂದಿ ಮಕ್ಕಳು. ಜಾಲರಿಯಲ್ಲಿ ಎಳೆಗಿಂತ ಗಾಳಿಯೇ ಹೆಚ್ಚು, ಉರಿಗೆ ಅದಕ್ಕಿಂತ ಬೇರೆ ಏನು ಬೇಕು? ರಂಗದ ಬಟ್ಟೆಗಳಿಗೆ ಬೆಂಕಿ ತಾಗದಂತೆ ಮಾಡುವ ಉಪಾಯವನ್ನು ಹುಡುಕೆಂದು ಫ್ರಾನ್ಸಿನ ದೊರೆ ಹದಿನೆಂಟನೆಯ ಲೂಯಿ ರಸಾಯನವಿಜ್ಞಾನಿ ಗೇ-ಲುಸಾಕ್‌ಗೆ ಹೇಳಿದ್ದನು. ಆತ 1821ರಲ್ಲಿ ಅಮೋನಿಯಂ ಫಾಸ್ಫೇಟ್, ನವಸಾಗರ, ಬಿಳಿಗಾರ ಈ ಲವಣಗಳ ನೀರಿನಲ್ಲಿ ಬಟ್ಟೆಯನ್ನು ಅದ್ದಿ ಒಣಗಿಸಬೇಕೆಂದು ತಿಳಿಸಿದನು. ಹತ್ತಿ ನಾರುಗಳಿಗೆ ಆ ಜಾತಿಯ ಉಪಚಾರ ಇಂದಿಗೂ ನಡೆಯುತ್ತದೆ. ಕೃತಕನೂಲಿನದಾದರೆ ಬೆಂಕಿ ಹಿಡಿಯದಂತೆ ತಯಾರಾದುದನ್ನೇ ಕೇಳಿ ಕೊಳ್ಳಬೇಕು. ನಾವು ಕೊಂಡ ಕಪ್ಪು ಜಾಲರಿ ಹತ್ತಿಯದು, ಉಪಚಾರವಾಗಿ ಬಂದದ್ದು. ಅದು ಬಂದ ದಿನವೇ ವಿಜ್ಞಾನದ ಅಧ್ಯಾಪಕಿ ಅಂಚಿನಿಂದ ಒಂದು ಗೇಣು ಕತ್ತರಿಸಿ, ಅಂಗಳದಲ್ಲಿ ಎಲ್ಲರ ಮುಂದೆ ಬೆಂಕಿಕಡ್ಡಿ ಹಿಡಿದು ನೋಡಿದರು. ಅಂಚು ಕರಕಾಯಿತು, ಉರಿ ಏರಲಿಲ್ಲ. ವರ್ಷ ತುಂಬಿದ ಮೇಲೆ ಧೂಳು ಹಿಡಿಯಿತೆಂದು ಯಾರೋ ಅದನ್ನು ಒಗೆಯಲು ಕೊಡಹೊರಟಾಗ ತಡೆದವರೂ ಅವರೇ. ನೀರಿಗೆ ಬಿದ್ದರೆ ಲವಣ ಕರಗಿಹೋಗುತ್ತದೆ. ಒಗೆದ ಮೇಲೆ ಮತ್ತೆ ಅದ್ದಿಸಿ, ಮತ್ತೆ ಒಂದು ಗೇಣು ಸುಟ್ಟು ನೋಡಿ, ಆಮೇಲೆಯೇ ಕಟ್ಟಬೇಕು.